ನಾಲ್ಕು ಗಂಟೆಗೆ ಯಾರು ಕಾಯುತ್ತಿದ್ದಾರೆ?

ಮೇ 31 ಬಂತೆಂದರೆ ನಮ್ಮ ಸರ್ಕಾರಿ ಕಚೇರಿಗಳಲ್ಲಿ ಹೂವಿನ ಹಾರಕ್ಕೆ ಬರ ಬೀಳುತ್ತದೆ. ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. ನಮ್ಮ ತಲೆಮಾರಿನವರನ್ನು ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಯಾವುದೆಂದು ಅಪ್ಪನಿಗೆ ಗೊತ್ತಿರಲಿಲ್ಲ. ಅವ್ವನಿಗೆ "ಕಾರಹುಣ್ಣಿವಿ ಮುಂದ, ದೊಡ್ಡ ಮಳಿ ಹಿಡದಿತ್ತು" ಎನ್ನುವಷ್ಟೇ ನೆನಪು. ಮಾಸ್ತರರು ತಲೆಕೆಡಿಸಿಕೊಳ್ಳದೆ ಜೂನ್ 1 ಎಂದು ಬರೆದು ಮುಂದಿನ ಹುಡುಗನನ್ನು ಕರೆದರು. ತಿಂಗಳ ಒಂದನೇ ತಾರೀಖಿಗೆ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬುದು ಸೇವಾ ನಿಯಮ. ಹೀಗಾಗಿ ಆ ಮಾಸ್ತರರು ಪೆನ್ನು ಓಡಿಸಿದ್ದರ ಫಲವಾಗಿ ಅರವತ್ತು ತುಂಬುವ ಹೊತ್ತಿಗೆ ಕರ್ನಾಟಕದ ತುಂಬ ಒಂದೇ ಸಂಜೆ ಸಾವಿರಾರು ಜನ ಶಾಲು ಹೊದ್ದು ಮನೆಗೆ ಬರುತ್ತಾರೆ.

ನಾನೂ ಹಾಗೇ ಬಂದವನು. ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ವಿಭಾಗದ ಹುಡುಗರಿಗೆ ಡ್ರಾಯಿಂಗು, ವರ್ಕ್‌ಶಾಪು ಕಲಿಸುತ್ತಿದ್ದೆ. ಬೀಳ್ಕೊಡುವಾಗ ತಲೆಗೆ ಪೇಟಾ ಸುತ್ತಿದರು, ಹಣ್ಣಿನ ಬುಟ್ಟಿ ಕೊಟ್ಟರು, ಒಂದು ದೊಡ್ಡ ಗೋಡೆ ಗಡಿಯಾರ ಕೊಟ್ಟರು. ಹೊತ್ತು ನೋಡುವ ಅಗತ್ಯ ತೀರಿದ ದಿನವೇ ಗಡಿಯಾರ ಕೊಡುವ ಈ ಪದ್ಧತಿ ಯಾರು ಶುರುಮಾಡಿದರೋ ಕಾಣೆ. ಅದೀಗ ನಮ್ಮ ಹಾಲ್‌ನಲ್ಲಿ ಟಿವಿಯ ಮೇಲೆ ನೇತಾಡುತ್ತಿದೆ. ಮೊದಲ ಆರು ತಿಂಗಳು ಅದನ್ನು ನೋಡಿದಾಗಲೆಲ್ಲ ಹನ್ನೊಂದು ಗಂಟೆಯೇ ಆಗಿರುತ್ತಿತ್ತು.

ಈ ಅಂಕಣ ಓದುವ ನಿವೃತ್ತರು ಫೋನ್ ಮಾಡಿದಾಗ ಪಿಂಚಣಿ, ಬಡ್ಡಿ, ಮೊಣಕಾಲು ನೋವು ಎಲ್ಲ ಮುಗಿದ ಮೇಲೆ ಕಡೆಗೆ ಒಂದು ಮಾತು ಹೇಳುತ್ತಾರೆ. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೊದಲ ಗಾಡಿಗೆ ಕಂಡಕ್ಟರ್ ಆಗಿದ್ದವರೊಬ್ಬರು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ: "ನಾಲ್ಕಕ್ಕ ಎಚ್ಚರ ಆಗತೈತ್ರಿ ಸರ. ಆದ್ರ ಏಳೂದ್ ಯಾಕ ಅಂತ ತಿಳಿವಲ್ದು." ಅದಕ್ಕೆ ಅವತ್ತು ಫೋನಿನಲ್ಲಿ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಇವತ್ತು ಪ್ರಯತ್ನಿಸುತ್ತೇನೆ.

ಮೊದಲು ನನ್ನ ಮೂರ್ಖತನದ ಕಥೆ. ಮೇ 31ಕ್ಕೆ ನಿವೃತ್ತನಾದವನಿಗೆ ಎದುರಾಗುವ ಮೊದಲ ತಿಂಗಳು ಜೂನ್. ಬೆಳಗಾವಿಯ ಜೂನ್ ಎಂದರೆ ಹೊರಗಿನವರಿಗೆ ಬಿಡಿಸಿ ಹೇಳಬೇಕು. ಮಳೆ ಜೋರೇನೂ ಬರುವುದಿಲ್ಲ, ನಿಲ್ಲುವುದೂ ಇಲ್ಲ. ಜಿಟಿಜಿಟಿ ಹಿಡಿದರೆ ವಾರಗಟ್ಟಲೆ ಒಗೆದ ಬಟ್ಟೆ ಒಣಗದು, ಸೂರ್ಯನ ಮುಖ ಕಾಣದು. ನಮ್ಮ ರಾಮತೀರ್ಥ ನಗರದ ರಸ್ತೆಯಲ್ಲಿ ರೇನ್‌ಕೋಟು ತೊಟ್ಟ ಮಕ್ಕಳು ಶಾಲೆಗೆ ಹೊರಟಿರುತ್ತವೆ. ಮೂವತ್ತಕ್ಕೂ ಹೆಚ್ಚು ವರ್ಷ ಅದೇ ಹೊತ್ತಿಗೆ ನಾನೂ ಛತ್ರಿ ಹಿಡಿದು ಹೊರಟವನು. ಈಗ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಇದು ಸರಿಯಲ್ಲ ಅನಿಸಿ ಒಂದು ದಿನ ಡ್ರಾಯಿಂಗ್ ಹಾಳೆ ಹಾಸಿ, ಸ್ಕೇಲು ಹಿಡಿದು, ಬೆಳಗಿನ ಐದರಿಂದ ರಾತ್ರಿ ಒಂಬತ್ತರವರೆಗೆ ವೇಳಾಪಟ್ಟಿ ಬರೆದೆ. ಯೋಗ ನಲವತ್ತೈದು ನಿಮಿಷ, ಸಂಸ್ಕೃತ ಒಂದು ಗಂಟೆ, ಹಾರ್ಮೋನಿಯಂ ಒಂದು ಗಂಟೆ, ಕೈತೋಟ, ಪತ್ರವ್ಯವಹಾರ, ಆತ್ಮಕಥೆ. ಹಾರ್ಮೋನಿಯಂ ಕೊಂಡೂ ತಂದೆ. ಪಟ್ಟಿ ಹನ್ನೊಂದು ದಿನ ನಡೆಯಿತು. ಹನ್ನೆರಡನೆಯ ದಿನ ಯೋಗಕ್ಕೆ ಏಳಲಿಲ್ಲ. ಯೋಗ ತಪ್ಪಿದ ಮೇಲೆ ಸಂಸ್ಕೃತ ಯಾಕೆ, ಸಂಸ್ಕೃತ ತಪ್ಪಿದ ಮೇಲೆ ಹಾರ್ಮೋನಿಯಂ ಯಾಕೆ ಎಂದು ಇಡೀ ದಿನವೇ ಇಸ್ಪೀಟಿನ ಮನೆಯ ಹಾಗೆ ಕುಸಿಯಿತು. ನಾನು ಹಾಜರಾಗದ್ದನ್ನು ಯಾರೂ ಗಮನಿಸಲಿಲ್ಲ, ಮೆಮೋ ಬರಲಿಲ್ಲ. ಪಟ್ಟಿಯ ರೋಗ ಇರುವುದು ಅಲ್ಲೇ ಎಂದು ಆಗ ಹೊಳೆಯಲಿಲ್ಲ.

ಪಟ್ಟಿ ಬಿಟ್ಟವನು ಅಡುಗೆಮನೆಗೆ ಹೊಕ್ಕೆ. ವರ್ಕ್‌ಶಾಪಿನ ಟೂಲ್ ರೂಮು ನೋಡಿಕೊಂಡವನಲ್ಲವೇ, ಸಾಸಿವೆ ಜೀರಿಗೆ ಡಬ್ಬಿಗಳನ್ನು ಅಳತೆಗೆ ತಕ್ಕಂತೆ ಸಾಲಾಗಿ ಜೋಡಿಸಿ ಮೇಲೆ ಚೀಟಿ ಅಂಟಿಸಿದೆ. ಸಂಜೆ ಒಗ್ಗರಣೆಯ ಹೊತ್ತಿಗೆ ಎಣ್ಣೆ ಹೊಗೆಯಾಡುತ್ತಿತ್ತು, ಸಾಸಿವೆ ಸಿಗುತ್ತಿರಲಿಲ್ಲ. ನಮ್ಮ ಮನೆಯವರು ಒಲೆ ಆರಿಸಿ, ತಿರುಗಿ ನಿಂತು, ಬಹಳ ಸಮಾಧಾನದಿಂದ ಹೇಳಿದರು: "ನಿಮಗ ರಿಟೈರ್‌ಮೆಂಟ್ ಆತು. ನನಗ ಹೊಸಾ ಸಾಹೇಬ್ರು ಬಂದ್ರು."

ಈ ಮಾತಿನಲ್ಲಿ ಎಷ್ಟು ಸಮಾಜಶಾಸ್ತ್ರವಿದೆ ಎಂಬುದು ಮುಂದೆ ಗೊತ್ತಾಯಿತು. ಆಸ್ಟ್ರಿಯಾ ದೇಶದ ವಿಯೆನ್ನಾ ಹತ್ತಿರ ಮಾರಿಯೆಂಟಾಲ್ ಎಂಬ ಹಳ್ಳಿಯಿದೆ. ಊರಿಗೆ ಊರೇ ನೂಲಿನ ಗಿರಣಿಯನ್ನು ನಂಬಿ ಬದುಕುತ್ತಿತ್ತು. ಜಗತ್ತಿನ ಮಹಾ ಆರ್ಥಿಕ ಕುಸಿತದ ಹೊಡೆತಕ್ಕೆ ಗಿರಣಿ ಮುಚ್ಚಿತು. 1931ರ ಹೊತ್ತಿಗೆ ಮೇರಿ ಯಹೋದಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ಎಂಬ ಸಂಶೋಧಕರು ಆ ಊರಿಗೆ ಹೋಗಿ, ಕೆಲಸ ಕಳೆದುಕೊಂಡವರ ದಿನ ಹೇಗೆ ಕಳೆಯುತ್ತದೆಂದು ನೋಡಿ, 1933ರಲ್ಲಿ ಪುಸ್ತಕ ಪ್ರಕಟಿಸಿದರು. ಓದಲು ಬೇಕಾದಷ್ಟು ಬಿಡುವಿತ್ತು, ಆದರೂ ಊರ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಎರಡೇ ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ಗಂಡಸರು ಕೈಗಡಿಯಾರ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದರು. ಬೆಳಗಿನಿಂದ ಏನು ಮಾಡಿದಿರಿ ಎಂದು ಬರೆಯಲು ಹಾಳೆ ಕೊಟ್ಟರೆ ಎದ್ದದ್ದು, ಉಂಡದ್ದು, ಮಲಗಿದ್ದು ಬಿಟ್ಟು ನಡುವಿನದ್ದೇನೂ ಅವರಿಗೆ ನೆನಪಿರಲಿಲ್ಲ. ಸಂಶೋಧಕರು ಕಿಟಕಿಯ ಮರೆಯಲ್ಲಿ ನಿಂತು, ಬೀದಿಯಲ್ಲಿ ಜನ ಎಷ್ಟು ವೇಗವಾಗಿ ನಡೆಯುತ್ತಾರೆಂದೂ ಅಳೆದರು. ಗಂಡಸರು ಕಾಲೆಳೆಯುತ್ತ, ನಿಂತು ನಿಂತು ಸಾಗುತ್ತಿದ್ದರು. ಹೆಂಗಸರು ಮಾತ್ರ ಬಿರಬಿರನೆ ನಡೆಯುತ್ತಿದ್ದರು. ಗಿರಣಿಯ ಪಗಾರ ಅವರಿಗೂ ಹೋಗಿತ್ತು, ಆದರೆ ಒಲೆ, ನೀರು, ಮಕ್ಕಳು, ಬಟ್ಟೆ ಎಲ್ಲಿಗೂ ಹೋಗಿರಲಿಲ್ಲ.

ಅವರು ನಿರುದ್ಯೋಗಿಗಳು, ನಾವು ನಿವೃತ್ತರು. ಅವರ ಹಸಿವು ನಮಗಿಲ್ಲ. ಆದರೆ ಆ ಕಾಲೆಳೆಯುವ ನಡಿಗೆಯನ್ನು ನಾನು ಜೂನ್ ತಿಂಗಳಲ್ಲಿ ನನ್ನದೇ ಹಾಲ್‌ನಲ್ಲಿ ನಡೆದಿದ್ದೇನೆ. ಯಹೋದಾ ಮುಂದೆ ಈ ವಿಷಯವನ್ನೇ ಬೆಳೆಸಿ, ಕೆಲಸ ಪಗಾರದ ಜೊತೆಗೆ ನಮಗೆ ಕೇಳದೆಯೇ ಕೆಲವನ್ನು ಕೊಡುತ್ತಿರುತ್ತದೆ ಎಂದರು: ದಿನಕ್ಕೊಂದು ಚೌಕಟ್ಟು, ಮನೆಯಾಚೆಯ ನಾಲ್ಕು ಮುಖ, ಒಬ್ಬರೇ ಮಾಡಲಾಗದ ಕೆಲಸದಲ್ಲಿ ಒಂದು ಪಾಲು, ಇಂಥವನೆಂಬ ಗುರುತು, ಸುಮ್ಮನೆ ಕೂರಲು ಬಿಡದ ಒತ್ತಾಯ. ಸಂಬಳದ ಬದಲು ಪಿಂಚಣಿ ಬರುತ್ತದೆ. ಈ ಉಳಿದವುಗಳ ಬದಲಿಗೆ ಏನೂ ಬರುವುದಿಲ್ಲ. ಪಿಂಚಣಿ ಮಂಜೂರು ಮಾಡುವ ಎ.ಜಿ. ಕಚೇರಿಯಿಂದ ಅದಕ್ಕೆ ಯಾವ ಆದೇಶವೂ ಹೊರಡುವುದಿಲ್ಲ.

ನನ್ನ ಕಣ್ಣು ತೆರೆಸಿದ್ದು ಮಾತ್ರ ಪುಸ್ತಕವಲ್ಲ, ಆಟೋ ನಗರದ ಒಂದು ಶೆಡ್ಡು. ಕಣಬರ್ಗಿ ಕಡೆಯ ಈ ಕೈಗಾರಿಕಾ ಪ್ರದೇಶವನ್ನು ಹೊರಗಿನವರು ಕೆಎಸ್‌ಸಿಎ ಕ್ರಿಕೆಟ್ ಮೈದಾನ ಇರುವ ಜಾಗವೆಂದು ಗುರುತಿಸುತ್ತಾರೆ. ನಮಗೆ ಅದು ಗ್ಯಾರೇಜು, ಲೇತು, ವೆಲ್ಡಿಂಗ್, ಪೇಂಟಿಂಗಿನ ಊರು. ಉದ್ಯಮಬಾಗದಲ್ಲಾಗಲಿ ಇಲ್ಲಾಗಲಿ ನಾನು ಕಲಿಸಿದ ಹುಡುಗರಿಲ್ಲದ ಓಣಿಯಿಲ್ಲ. ಹಾಗೊಬ್ಬ ಹಳೆಯ ವಿದ್ಯಾರ್ಥಿಯ ಶೆಡ್ಡಿಗೆ ಸ್ಕೂಟರಿನ ಒಂದು ಬುಷ್ ಮಾಡಿಸಲು ಹೋಗಿದ್ದೆ. ಒಳಗೆ ನಾಲ್ಕು ಹಳೆಯ ಲೇತು, ಒಂದು ಮಿಲ್ಲಿಂಗ್, ಮೂಲೆಯಲ್ಲಿ ಸಾಣೆ ಹಿಡಿಯುವ ಗ್ರೈಂಡರು. ಗ್ರೈಂಡರಿನ ಮುಂದೆ ಸ್ಟೂಲಿನ ಮೇಲೆ ಎಪ್ಪತ್ತು ದಾಟಿದ ಒಬ್ಬರು. ದೊಡ್ಡ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿ ನಿವೃತ್ತರಾದವರು. ಶೆಡ್ಡಿನ ಹುಡುಗರೆಲ್ಲ ಅವರನ್ನು ಕಾಕಾ ಎನ್ನುತ್ತಾರೆ.

ಕಾಕಾ ದಿನಾ ಒಂಬತ್ತೂವರೆಗೆ ಬರುತ್ತಾರೆ. ಹಿಂದಿನ ದಿನ ಮೊಂಡಾದ ಟೂಲುಗಳನ್ನು ಹುಡುಗರು ಒಂದು ಎಣ್ಣೆ ಡಬ್ಬಿಯಲ್ಲಿ ಹಾಕಿಟ್ಟಿರುತ್ತಾರೆ. ಕನ್ನಡಕ ಬದಲಿಸಿ, ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿಯುತ್ತಾರೆ. ಚಕ್ರಕ್ಕೆ ಒತ್ತುವುದಿಲ್ಲ, ತಾಗಿಸುತ್ತಾರೆ ಅಷ್ಟೆ. ಕಿಡಿ ಬಾಣದಂತೆ ಸಿಡಿಯದೆ ಹೂವಿನಂತೆ ಕೆಳಗೆ ಉದುರುತ್ತದೆ. ಬಿಸಿಯಾದ ಹೈಸ್ಪೀಡ್ ಸ್ಟೀಲನ್ನು ನೀರಿಗೆ ಅದ್ದುತ್ತಾರೆ, ಕಾರ್ಬೈಡ್ ತುದಿಯದನ್ನು ಅದ್ದುವುದಿಲ್ಲ. ಯಾಕೆಂದು ಹೊಸ ಹುಡುಗ ಕೇಳಿದ. "ಕಾದ ಕಾರ್ಬೈಡ್ ನೀರಾಗ ಹಾಕಿದ್ರ ಒಳಗಿಂದೊಳಗ ಸೀಳತೈತಿ. ಕಣ್ಣಿಗೆ ಕಾಣಂಗಿಲ್ಲ. ಜಾಬ್ ಮ್ಯಾಲೆ ಹಾಕಿದಾಗ ಮುರೀತೈತಿ. ಅದನ್ನ ಅದರ ಪಾಡಿಗೆ ಆರಾಕ್ ಬಿಡು." ಹುಡುಗ ತಲೆಯಾಡಿಸಿದ. ಹನ್ನೊಂದೂವರೆಗೆ ಎಲ್ಲರಿಗೂ ಚಹಾ ಬಂತು. ಕಾಕಾ ಚಹಾ ಕುಡಿದು, ಕೈ ಒರೆಸಿ, ಸೈಕಲ್ ಹತ್ತಿ ಹೊರಟೇಬಿಟ್ಟರು. ಎರಡೇ ತಾಸು.

ಈಗ ಹೊಸ ಮಶೀನುಗಳಿಗೆ ಇನ್ಸರ್ಟ್ ಬಂದಿವೆ, ಸವೆದರೆ ತಿರುಗಿಸಿ ಹಾಕಿದರಾಯಿತು. ಆದರೆ ಹಳೆಯ ಲೇತಿಗೆ ಇಂದಿಗೂ ಕೈಸಾಣೆ ಬೇಕು, ಅದು ಬಲ್ಲ ಹುಡುಗರು ಕಡಿಮೆ. ಒಂದು ದಿನ ಕಾಕಾಗೆ ಜ್ವರ ಬಂದು ಬರಲಿಲ್ಲವಂತೆ. ಹತ್ತು ಗಂಟೆಗೆಲ್ಲ ಶೆಡ್ಡಿನಿಂದ ಇಬ್ಬರು ಮನೆಗೆ ಹೋಗಿದ್ದರು. ಒಬ್ಬ ಜ್ವರ ನೋಡಲು, ಇನ್ನೊಬ್ಬ ಟೂಲಿನ ಡಬ್ಬಿ ಹಿಡಿದುಕೊಂಡು. ಶೆಡ್ಡಿನ ಮಾಲೀಕ ನಗುತ್ತ ಹೇಳಿದ್ದನ್ನು ಕೇಳಿ ನನಗೆ ನನ್ನ ಡ್ರಾಯಿಂಗ್ ಹಾಳೆ ನೆನಪಾಯಿತು. ನಾನು ಹನ್ನೆರಡನೆಯ ದಿನ ಯೋಗಕ್ಕೆ ಏಳದಿದ್ದಾಗ ಡಬ್ಬಿ ಹಿಡಿದು ಯಾರೂ ಬಂದಿರಲಿಲ್ಲ.

ಕಂಡಕ್ಟರರಿಗೆ ನಾನು ಕೊಡಬೇಕಿದ್ದ ಉತ್ತರ ಇಲ್ಲಿದೆ ಎಂದು ನನ್ನ ಅಂದಾಜು. ನಾಲ್ಕಕ್ಕೆ ಎದ್ದು ಮೂವತ್ತು ವರ್ಷ ಅವರು ಡಿಪೋಕ್ಕೆ ಹೋದದ್ದು ಮನೋಬಲದಿಂದಲ್ಲ. ಬಸ್ಸಿನ ಹೊರಗೆ ತರಕಾರಿ ಬುಟ್ಟಿ ಹಿಡಿದು ನಲವತ್ತು ಜನ ನಿಂತಿರುತ್ತಿದ್ದರು. ಈಗ ಆ ನಲವತ್ತು ಜನ ಇಲ್ಲ, ಅವರ ಜಾಗದಲ್ಲಿ ನಾವು ಮನೋಬಲವನ್ನು ನಿಲ್ಲಿಸಲು ಹೊರಟಿದ್ದೇವೆ. ಅದು ನಿಲ್ಲುವುದಿಲ್ಲ. ನಲವತ್ತು ಬೇಡ, ಒಬ್ಬರು ಕಾದರೆ ಸಾಕು.

ಇಷ್ಟು ಬರೆದ ಮೇಲೆ ಒಂದು ಮಾತು ಹೇಳದಿದ್ದರೆ ಆಟೋ ನಗರದವರು ನನ್ನನ್ನು ಕ್ಷಮಿಸಲಾರರು. ದಿನ ಹೇಗೆ ಕಳೆಯುವುದೆಂಬ ಚಿಂತೆ ತುಸು ಉಳ್ಳವರ ಚಿಂತೆ. ಭವಿಷ್ಯನಿಧಿಯ ಪಿಂಚಣಿ ಯೋಜನೆಯಲ್ಲಿ ಕಾರ್ಮಿಕನಿಗೆ 58 ವರ್ಷಕ್ಕೆ ಪಿಂಚಣಿ ಶುರುವಾಗುತ್ತದೆ. ತಿಂಗಳಿಗೆ ಕನಿಷ್ಠ ₹1000 ಎಂದು 2014ರಲ್ಲಿ ನಿಗದಿ ಮಾಡಿದರು. ಸಾವಿರ ರೂಪಾಯಿಯಲ್ಲಿ ಗ್ಯಾಸ್ ಸಿಲಿಂಡರು ತಂದರೆ ಉಳಿಯುವುದೆಷ್ಟು? ಫೌಂಡ್ರಿಯಲ್ಲಿ ಕಾದ ಮರಳಿನ ನಡುವೆ ಮೂವತ್ತು ವರ್ಷ ನಿಂತವನು 58ರ ಮರುದಿನವೇ ಬೇರೆ ಗೇಟಿನಲ್ಲಿ ದಿನಗೂಲಿಗೆ ನಿಲ್ಲುವುದು ಇಲ್ಲಿ ಮಾಮೂಲು. ಅವನಿಗೆ ಹುರುಪಿನ ಪಾಠ ಹೇಳುವ ಧೈರ್ಯ ನನಗಿಲ್ಲ. ಕಾಕಾಗೂ ಆ ಎರಡು ತಾಸಿಗೆ ಮಾಲೀಕ ದುಡ್ಡು ಕೊಡುತ್ತಾನೆ, ಕೊಡಬೇಕು ಕೂಡ. ಹಿರಿಯರ ಅನುಭವವನ್ನು ಪುಕ್ಕಟೆ ಬಳಸಿಕೊಂಡು ಅದಕ್ಕೆ ಸೇವೆ ಎಂದು ಹೆಸರಿಡುವುದು ನನಗೆ ಸೇರುವುದಿಲ್ಲ.

ಇನ್ನೊಂದು ಬಗೆಯ ಹಿರಿಯರೂ ಆಟೋ ನಗರದಲ್ಲಿದ್ದಾರೆ. ವರ್ಕ್‌ಶಾಪನ್ನು ಮಗನಿಗೆ ಬಿಟ್ಟುಕೊಟ್ಟವರು, ಆದರೆ ಕುರ್ಚಿ ಬಿಡದವರು. ಬೆಳಿಗ್ಗೆ ಒಂಬತ್ತಕ್ಕೆ ಬಂದು ಸಂಜೆ ಏಳರವರೆಗೆ ಕೂತು, ಮಗ ಕೊಟ್ಟ ಪ್ರತಿ ಕೊಟೇಶನ್ನಿಗೂ "ನಮ್ಮ ಕಾಲದಾಗ" ಎಂದು ಶುರುಮಾಡುವವರು. ಅವರಿಗೂ ದಿನಚರಿ ಇದೆ, ಹುರುಪೂ ಇದೆ. ನರಳುವವರು ಬೇರೆಯವರು. ಮಾಡಿ ಮುಗಿಸುವ ಕೆಲಸ ಕೈಯಲ್ಲಿದ್ದರೆ ಹೋಗಬೇಕು, ಮುಗಿದ ಮೇಲೆ ಎದ್ದು ಬರಬೇಕು. ಕಾಕಾನ ಸೈಕಲ್ಲಿನ ಮಹಿಮೆ ಅದು.

ಖಾನಾಪುರ ತಾಲೂಕಿನಲ್ಲಿ, ನಂದಗಡದ ಆಚೆ, ನನ್ನ ಸೋದರಮಾವನ ಊರು. ಮಾವನಿಗೆ ಈಗ 78. ನಿವೃತ್ತಿ ಎಂಬ ಶಬ್ದ ಅವರ ಜೀವನದಲ್ಲಿ ಬಂದದ್ದು ನನ್ನ ಆಮಂತ್ರಣ ಪತ್ರಿಕೆಯಲ್ಲಿ ಮಾತ್ರ. "ಅಂದ್ರ ಇನ್ನ ಏನೂ ಮಾಡೂದಿಲ್ಲೇನು?" ಎಂದು ಕೇಳಿದ್ದರು, ಯಾರೋ ಸತ್ತ ಸುದ್ದಿ ಕೇಳಿದ ದನಿಯಲ್ಲಿ. ಹೋದ ಮಳೆಗಾಲದಲ್ಲಿ ನಾಲ್ಕು ದಿನ ಅಲ್ಲಿ ಉಳಿದೆ. ಬೆಳಗಾವಿಯ ಮಳೆ ಖಾನಾಪುರದ ಮಳೆಯ ಮುಂದೆ ತುಂತುರು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಕೆಂಪಗೆ ಹರಿಯುವ ದಿನಗಳು. ಬೆಳಿಗ್ಗೆ ಐದಕ್ಕೆ ಹಿತ್ತಿಲಿನಿಂದ ಎಮ್ಮೆ ಕೂಗಿತು. ಮಾವ ಕತ್ತಲಲ್ಲೇ "ಬಂದೆ, ತಡಿಯವ್ವಾ" ಎಂದು ಎದ್ದು ಕಂಬಳಿ ಹೊದ್ದರು. ಕರು ಬಿಟ್ಟರು, ಎಮ್ಮೆ ತೊರೆ ಬಿಟ್ಟಿತು, ಕರುವನ್ನು ಎಳೆದು ಕಟ್ಟಿ ಕುಕ್ಕರಗಾಲಲ್ಲಿ ಕೂತರು. ಮೊದಲ ನಾಲ್ಕು ಸೆಳಕು ಖಾಲಿ ತಂಬಿಗೆಗೆ ಟಣ್ ಟಣ್ ಎಂದವು. ನೊರೆ ಏರಿದಂತೆ ಸದ್ದು ಮೆತ್ತಗಾಯಿತು. ಆರೂವರೆಗೆ ಡೇರಿಯಲ್ಲಿ ಹಾಲು ಹಾಕಿ, ಅಲ್ಲಿ ನಿಂತ ಹತ್ತು ಜನರ ಜೊತೆ ಮಳೆ, ಭತ್ತದ ನಾಟಿ, ಯಾರ ಮಗ ಗೋವೆಯಿಂದ ಬಂದ ಎಂಬುದೆಲ್ಲ ಮಾತಾಡಿ ಬಂದರು. ಸಂಜೆ ಐದಕ್ಕೆ ಇದೇ ಇನ್ನೊಮ್ಮೆ.

ಆ ಎಮ್ಮೆ ಬೇರೆಯವರ ಕೈಗೆ ಹಾಲು ಬಿಡುವುದಿಲ್ಲ. ಮೊಮ್ಮಗಳ ಮದುವೆಗೆ ಹುಬ್ಬಳ್ಳಿಗೆ ಹೋದವರು ಅಕ್ಕಿಕಾಳು ಬಿದ್ದದ್ದೇ ಊಟಕ್ಕೂ ನಿಲ್ಲದೆ ಓಡಿ ಬಂದಿದ್ದರು. ಅತ್ತೆಗೆ ಇದರ ಸಿಟ್ಟು ಇನ್ನೂ ಇದೆ, ಸಿಟ್ಟಿನಲ್ಲಿ ನ್ಯಾಯವೂ ಇದೆ. "ಈ ಎಮ್ಮಿ ಸಂಬಂಧ ಎಲ್ಲೂ ಹೋಗೂಹಂಗಿಲ್ಲ ನೋಡು" ಎಂದು ಮಾವ ನನಗೆ ದೂರು ಹೇಳಿದರು. ಹೇಳುವಾಗ ಎಮ್ಮೆಯ ಬೆನ್ನು ತಟ್ಟುತ್ತಿದ್ದರು. ಗೂಟಕ್ಕೆ ಕಟ್ಟಿದ್ದು ಎಮ್ಮೆಯನ್ನೋ ಮಾವನನ್ನೋ ಎಂದು ನನಗೆ ಅನುಮಾನ ಬಂದದ್ದು ಆಗ. ಅಲ್ಲಿಂದೀಚೆಗೆ ನಾನು ದಿನವನ್ನು ಹಿಡಿದು ನಿಲ್ಲಿಸುವ ಇಂಥದ್ದಕ್ಕೆ ವೇಳಾಪಟ್ಟಿ ಎನ್ನುವುದನ್ನು ಬಿಟ್ಟು ಗೂಟ ಎನ್ನುತ್ತೇನೆ.

ದಿನಕ್ಕೆ ಎರಡು ಗೂಟ ಸಾಕು ಎಂಬುದು ನನ್ನ ಅನುಭವ. ಒಂದು ಬೆಳಿಗ್ಗೆ, ಒಂದು ಸಂಜೆ ನಾಲ್ಕರ ಆಸುಪಾಸಿಗೆ. ಬೆಳಗಿನದು ಹೇಗೋ ಸಾಗುತ್ತದೆ. ಟಿಳಕವಾಡಿಯ ವ್ಯಾಕ್ಸಿನ್ ಡಿಪೋದ ಮರಗಳ ಕೆಳಗೆ ಮುಂಜಾನೆ ಹೋಗಿ ನೋಡಿದರೆ ಅರ್ಧ ಬೆಳಗಾವಿಯ ಪಿಂಚಣಿದಾರರು ಅಲ್ಲೇ ಇರುತ್ತಾರೆ. ಆ ಹೊತ್ತಿನ ಬೆಳಕು ಕಣ್ಣಿಗೆ ಬೀಳುವುದರಿಂದ ದೇಹದ ಗಡಿಯಾರವೂ ಸರಿಹೋಗುತ್ತದೆ. ಕೈ ಕೊಡುವುದು ಮಧ್ಯಾಹ್ನ. ಉಂಡು ಅಡ್ಡಾದವನು ಅರ್ಧ ತಾಸಿಗೆ ಏಳಬೇಕು. ಏಳಲು ಕಾರಣವಿಲ್ಲದಿದ್ದರೆ ನಿದ್ದೆ ಎರಡು ತಾಸಾಗುತ್ತದೆ. ಎದ್ದಾಗ ತಲೆ ಭಾರ, ಹೊರಗೆ ಮಬ್ಬು, ಬೆಳಗೋ ಸಂಜೆಯೋ ತಿಳಿಯದು. ಹಗಲು ಮಲಗಿದ ನಿದ್ದೆ ರಾತ್ರಿಯ ಖಾತೆಯಿಂದ ಕಳೆದುಹೋಗುತ್ತದೆ. ರಾತ್ರಿ ಎರಡಕ್ಕೆ ಎಚ್ಚರವಾಗಿ ಮೊಬೈಲು ಹಿಡಿದರೆ ಮರುದಿನದ ಬೆಳಗೂ ಹೋಯಿತು. ನನ್ನನ್ನು ಕೇಳಿದರೆ ನಿವೃತ್ತರ ಅರ್ಧ ಬೇಸರ ಮಧ್ಯಾಹ್ನ ಎರಡರಿಂದ ಐದರ ನಡುವೆ ಹುಟ್ಟಿದ್ದು. ಅದಕ್ಕೇ ನಾಲ್ಕಕ್ಕೆ ಒಂದು ಗೂಟ ಹೊಡೆಯಬೇಕು, ಅದರ ಹಗ್ಗ ಇನ್ನೊಬ್ಬರ ಕೈಯಲ್ಲಿರಬೇಕು.

ಮನಸ್ಸಿಲ್ಲದೆ ಹೇಗೆ ಮಾಡುವುದು ಎಂದು ಕೇಳುವವರಿದ್ದಾರೆ. ಮೊದಲು ಹುರುಪು ಬರಲಿ, ಆಮೇಲೆ ಕೆಲಸ ಎಂಬುದು ನಮ್ಮೆಲ್ಲರ ನಂಬಿಕೆ. ಖಾನಾಪುರದ ಹೊಲಗಳಲ್ಲಿ ಹಳೆಯ ಡೀಸೆಲ್ ಎಂಜಿನ್ ಶುರುಮಾಡುವುದನ್ನು ನೋಡಿದ್ದೀರಾ? ಲಿವರ್ ಎತ್ತಿ ಹಿಡಿದು ಹ್ಯಾಂಡಲ್ ಹಾಕಿ ನಾಲ್ಕೈದು ಸುತ್ತು ರಟ್ಟೆಯ ಬಲದಿಂದಲೇ ತಿರುಗಿಸಬೇಕು. ಗಾಲಿಗೆ ವೇಗ ಬಂದ ಮೇಲೆ ಲಿವರ್ ಬಿಟ್ಟರೆ ಡಬ್ ಡಬ್ ಎಂದು ತಾನಾಗಿ ಹಿಡಿಯುತ್ತದೆ. ಹಿಡಿಯಲಿ, ಆಮೇಲೆ ತಿರುಗಿಸುತ್ತೇನೆ ಎಂದು ಕೂತ ರೈತ ನೀರು ಕಂಡಿಲ್ಲ. ಮನೋವೈದ್ಯರೂ ಖಿನ್ನತೆಗೆ ಕೊಡುವ ಚಿಕಿತ್ಸೆಗಳಲ್ಲಿ ಇದೇ ತತ್ವದ ಒಂದನ್ನು ಹಲವು ದಶಕಗಳಿಂದ ಬಳಸುತ್ತಿದ್ದಾರೆ. ಮನಸ್ಸು ಒಪ್ಪುವವರೆಗೆ ಕಾಯದೆ, ಸಣ್ಣ ಕೆಲಸಗಳನ್ನು ಗೊತ್ತಾದ ಹೊತ್ತಿಗೆ ಮಾಡಿಸುತ್ತಾರೆ. ಕೈ ಮುಂದೆ ಹೋಗುತ್ತದೆ, ಮನಸ್ಸು ಹಿಂದಿನಿಂದ ಬರುತ್ತದೆ.

ಇಲ್ಲಿಯೇ ಒಂದು ಎಚ್ಚರ. ಎರಡು ವಾರ ದಾಟಿದರೂ ಊಟ ಸೇರದಿದ್ದರೆ, ನಿದ್ದೆ ಬಾರದಿದ್ದರೆ, ಮೊಮ್ಮಕ್ಕಳು ಬಂದರೂ ಬೇಡವೆನಿಸಿದರೆ, ಬದುಕಿ ಏನು ಪ್ರಯೋಜನ ಎಂಬ ಮಾತು ಬಾಯಲ್ಲಿ ಬಂದರೆ ಅದನ್ನು ವಯಸ್ಸಿನ ಬೇಸರ ಎಂದು ತಳ್ಳಿಹಾಕಬೇಡಿ. ಅದು ರೋಗ, ಅದಕ್ಕೆ ಔಷಧವಿದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಹಿರಿಯ ನಾಗರಿಕರ ಸಹಾಯವಾಣಿ 14567. ಎರಡೂ ಪುಕ್ಕಟೆ.

ದಿನದಂತೆಯೇ ವಾರವೂ ಕಳೆದುಹೋಗುತ್ತದೆ. ಇಂದು ಬುಧವಾರವೋ ಗುರುವಾರವೋ ಎಂದು ಪತ್ರಿಕೆ ನೋಡಿ ತಿಳಿಯುವ ಸ್ಥಿತಿ ನನಗೂ ಬಂದಿತ್ತು. ನಮ್ಮ ಊರನ್ನು ಕಟ್ಟಿದವರು ಬುದ್ಧಿವಂತರು, ವಾರಗಳನ್ನು ಬೀದಿಗೇ ಬರೆದಿಟ್ಟಿದ್ದಾರೆ: ಶನಿವಾರ ಖೂಟ, ರವಿವಾರ ಪೇಟೆ. (ಖೂಟಕ್ಕೂ ನನ್ನ ಗೂಟಕ್ಕೂ ನಂಟಿದೆಯೋ ಇಲ್ಲವೋ ಪಂಡಿತರು ಹೇಳಬೇಕು.) ಸೂಟಿ ಎಂಬುದು ಕೆಲಸದ ದಿನಗಳಿದ್ದರೆ ಮಾತ್ರ ಸೂಟಿ. ಏಳೂ ದಿನ ಸೂಟಿಯಾದವನಿಗೆ ರವಿವಾರದ ರುಚಿ ಹೋಗುತ್ತದೆ. ಅದಕ್ಕೆ ನಾನೀಗ ರವಿವಾರ ಏನೂ ಮಾಡುವುದಿಲ್ಲ, ಹಟ ಹಿಡಿದು ಮಾಡುವುದಿಲ್ಲ.

ವಾರದ ವಿಷಯದಲ್ಲಿ ನನಗಿಂತ ಜಾಣರೊಬ್ಬರಿದ್ದಾರೆ. ಪ್ರಾಥಮಿಕ ಶಾಲೆಯ ಹೆಡ್‌ಬಾಯಿ ಆಗಿ ನಿವೃತ್ತರಾದವರು. ಫೋನಿನಲ್ಲಿ ಅವರು ಹೇಳಿದ್ದು ಉಳಿದವರೆಲ್ಲ ಹೇಳಿದ್ದಕ್ಕೆ ತದ್ವಿರುದ್ಧ: "ನನಗ ಹುರುಪು ಭಾಳ ಐತ್ರಿ. ಟೈಮೇ ಇಲ್ಲ." ನೌಕರಿ ಬಿಟ್ಟಳು, ಇನ್ನು ಮನೆಯಲ್ಲೇ ಇರುತ್ತಾಳೆ ಎಂದು ಮಗ ಸೊಸೆ ಮೊಮ್ಮಗುವನ್ನು ಬಿಟ್ಟರು, ಯಜಮಾನರು ಮೂರು ಹೊತ್ತು ಬಿಸಿ ಊಟ ಕೇಳಿದರು. ಮಾರಿಯೆಂಟಾಲಿನ ಹೆಂಗಸರು ಬಿರಬಿರನೆ ನಡೆದದ್ದು ಸುಖಕ್ಕಲ್ಲ ಎಂಬುದನ್ನು ನಾವು ಮರೆಯಬಾರದು. ಆರು ತಿಂಗಳು ನೋಡಿ ಈ ಬಾಯಾರು ಒಂದು ಘೋಷಣೆ ಮಾಡಿದರು: ಮಂಗಳವಾರ ನಾನು ಮನೆಯಲ್ಲಿರುವುದಿಲ್ಲ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಆಧಾರ್ ಕಾರ್ಡು, ಬುತ್ತಿ, ಇನ್ನೊಬ್ಬ ನಿವೃತ್ತ ಗೆಳತಿ. ಒಂದು ಮಂಗಳವಾರ ಹಲಸಿಯ ಭೂವರಾಹ ನರಸಿಂಹ, ಇನ್ನೊಂದು ಮಂಗಳವಾರ ಕಿತ್ತೂರ ಕೋಟೆ, ಮತ್ತೊಂದು ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನ ಸಮಾಧಿ. ಗೆಳತಿ ಸ್ಟ್ಯಾಂಡಿನಲ್ಲಿ ಕಾಯುತ್ತಾಳೆ ಎನ್ನುವುದೇ ಬಾಗಿಲು ದಾಟಿಸುವ ಬಲ. ಮನೆಯಲ್ಲಿ ಮಂಗಳವಾರದ ಅಡುಗೆ ಈಗ ಯಜಮಾನರದ್ದು. ಚಿತ್ರಾನ್ನ ಕಲಿತಿದ್ದಾರಂತೆ.

ನಿವೃತ್ತಿಯ ಭಾಷಣಗಳಲ್ಲಿ ದೊಡ್ಡವರ ಉದಾಹರಣೆ ಕೊಡುವ ಚಾಳಿ ನಮಗಿದೆ. ನನ್ನ ಬೀಳ್ಕೊಡುಗೆಯಲ್ಲೂ ಒಬ್ಬರು ಸರ್ ಎಂ. ವಿಶ್ವೇಶ್ವರಯ್ಯನವರನ್ನು, ಏಣಗಿ ಬಾಳಪ್ಪನವರನ್ನು ಎಳೆದು ತಂದರು. ಒಬ್ಬರು ನೂರಾ ಒಂದು, ಇನ್ನೊಬ್ಬರು ನೂರಾ ಮೂರು ವರ್ಷ ಬಾಳಿದವರು. ಕೇಳಿದಾಗ ಹೆಮ್ಮೆ ಎನಿಸುತ್ತದೆ, ಮನೆಗೆ ಬಂದ ಮೇಲೆ ನಾವು ಸೋಮಾರಿಗಳು ಎನಿಸುತ್ತದೆ. ಆದರೂ ಬೇಂದ್ರೆಯವರ ವಿಷಯ ಒಂದಿದೆ, ಅದು ಸ್ವಲ್ಪ ಬೇರೆ. ಸೊಲ್ಲಾಪುರದ ಕಾಲೇಜಿನಿಂದ 1956ರಲ್ಲಿ, ಅರವತ್ತು ತುಂಬಿದಾಗ, ಬೇಂದ್ರೆ ನಿವೃತ್ತರಾದರು. ಜ್ಞಾನಪೀಠ ತಂದುಕೊಟ್ಟ 'ನಾಕುತಂತಿ' ಬಂದದ್ದು 1964ರಲ್ಲಿ. ಆ ನಡುವಿನ ವರ್ಷಗಳಲ್ಲಿ ವರಕವಿ ಸ್ಫೂರ್ತಿಗಾಗಿ ಕಾಯುತ್ತ ಸಾಧನಕೇರಿಯಲ್ಲಿ ಕೂತಿರಲಿಲ್ಲ. ಧಾರವಾಡ ಆಕಾಶವಾಣಿಯಲ್ಲಿ ಸಲಹೆಗಾರರ ಕೆಲಸಕ್ಕೆ ಹೋಗುತ್ತಿದ್ದರು. ಆಕಾಶವಾಣಿ ಎಂದರೆ ಗಡಿಯಾರದ ಮುಳ್ಳಿನ ಮೇಲೆ ನಡೆಯುವ ಸಂಸ್ಥೆ. ಕವಿಗೂ ಒಂದು ಗೂಟವಿತ್ತು ಎಂದು ನಾನು ಸಮಾಧಾನ ಪಟ್ಟುಕೊಂಡಿದ್ದೇನೆ.

ನನ್ನ ಗೂಟ ಯಾವುದೆಂದು ಹೇಳಿ ಮುಗಿಸುತ್ತೇನೆ. ಹಾರ್ಮೋನಿಯಂ ತಂಗಿಯ ಮಗಳ ಮನೆ ಸೇರಿದೆ. ಸಂಸ್ಕೃತ ಇನ್ನೊಂದು ಜನ್ಮಕ್ಕೆ. ಸ್ಕೂಟರಿನ ಬುಷ್ ಮಾಡಿಸಲು ಹೋದ ದಿನವೇ ಆ ಶೆಡ್ಡಿನ ಮಾಲೀಕ ಒಂದು ತಾಪತ್ರಯ ಹೇಳಿಕೊಂಡಿದ್ದ. ಹುಡುಗರ ಕೈ ಚುರುಕು, ಡ್ರಾಯಿಂಗ್ ಓದಲು ಬರುವುದಿಲ್ಲ, ಮಾಲು ರಿಜೆಕ್ಟ್ ಆಗುತ್ತದೆ. ಈಗ ಸೋಮವಾರ, ಬುಧವಾರ, ಶುಕ್ರವಾರ ಸಂಜೆ ನಾಲ್ಕರಿಂದ ಐದು, ಶೆಡ್ಡಿನ ಹಿಂದಿನ ಕೋಣೆಯಲ್ಲಿ ನನ್ನ ಕ್ಲಾಸು. ಒಂದು ಹಳೆಯ ಬ್ಲ್ಯಾಕ್‌ಬೋರ್ಡು, ಮೂರು ಹುಡುಗರು. ಹೋದ ವಾರ ಒಬ್ಬ ಹಾಳೆಯ ಮೇಲೆ 25 ಎಚ್ 7 ಎಂದಿದ್ದನ್ನು ನೋಡಿ, ಬೆರಳಿಟ್ಟು, "ಅಂದ್ರ 25ಕ್ಕಿಂತ ಕಡಿಮಿ ಆಗಬಾರ್ದು, 25.021ಕ್ಕಿಂತ ಹೆಚ್ಚಾಗಬಾರ್ದು, ಹೌದಿಲ್ರಿ ಸರ?" ಎಂದ. ಇಪ್ಪತ್ತೊಂದು ಮೈಕ್ರಾನ್. ತಲೆಗೂದಲಿನ ಅರ್ಧ ದಪ್ಪವೂ ಇಲ್ಲ. ಅವನು ಎಂಟನೇ ಇಯತ್ತೆಗೆ ಶಾಲೆ ಬಿಟ್ಟವನು. ಅವತ್ತು ನಾನು ಮನೆಗೆ ನಡೆದೇ ಬಂದೆ, ಬಿರಬಿರನೆ.

ಈ ಹುಡುಗರಿಗೆ ಕೋನ ಲೆಕ್ಕ ಮಾಡಲು ಸೈನ್, ಟ್ಯಾನ್ ಬರಬೇಕು. ಅದು ಬರಬೇಕಾದರೆ ಅಪೂರ್ಣಾಂಕದಿಂದ ಶುರುಮಾಡಬೇಕು. ನನಗೆ ಅಷ್ಟು ತಾಳ್ಮೆ ಇಲ್ಲ. ಗಣಿತ ಕಲಿಸಿ ನಿವೃತ್ತರಾದ ಮಾಸ್ತರರು, ಬಾಯಾರು ಯಾರಾದರೂ ರಾಮತೀರ್ಥ ನಗರ, ಕಣಬರ್ಗಿ, ಮಹಾಂತೇಶ ನಗರದ ಕಡೆ ಇದ್ದರೆ ಮಂಗಳವಾರ, ಗುರುವಾರದ ನಾಲ್ಕು ಗಂಟೆ ಖಾಲಿ ಇದೆ. ಶೆಡ್ಡಿನವನು ಹೋಗಿಬರುವ ರಿಕ್ಷಾ ಬಾಡಿಗೆಯ ಮೇಲೆ ತಾಸಿಗೆ ಇಷ್ಟೆಂದು ಕೊಡುತ್ತಾನೆ, ಹೆಚ್ಚೇನಲ್ಲ. ಚಹಾ ಮಾತ್ರ ಚಲೋ ಇರುತ್ತದೆ. ಬರುವವರು ಪತ್ರಿಕೆಯ ಕಚೇರಿಗೆ ಒಂದು ಕಾರ್ಡು ಬರೆಯಿರಿ, ಮಳೆ ಹಿಡಿಯುವುದರೊಳಗೆ.